ಹೆಬ್ಬೆಟ್ಟು

…ಅಲ್ಲ, ಮುಖ ಆ ಕಡೆ ತಿರುಗಿಸಿಬಿಟ್ರೆ ನಾನು ಸುಮ್ಮನಾಗ್ತೀನಾ? ಈ ಕಡೆ ನೋಡು. ಗಾಜಿನ ಕಡೆ. ನನ್ನ ಮಾತು ನಿನಗೆ ಕೇಳಿಸ್ತಿದೆ ಅಂತ ನನಗೆ ಗೊತ್ತು. ಆಪರೇಟರ್ ಈಗಷ್ಟೇ ಮೈಕ್ ಕೈಗೆ ಕೊಟ್ರು, ನಿನ್ನ ತಲೆ ಮೇಲಿರೋ ಸ್ಪೀಕರಲ್ಲಿ ನಾನು ಗೊಣಗೋದೆಲ್ಲ ಬರ್ತಾ ಇರುತ್ತೆ. ನೀನು ಬಾಯಿ ಬಿಡ್ಬೇಡ. ಮಾಸ್ಕ್ ತೆಗೀಬೇಡ. ಇಪ್ಪತ್ತು ನಿಮಿಷ ಆಕ್ಸಿಜನ್, ಐದು ನಿಮಿಷ ಬಿಡುವು, ಮತ್ತೆ ಇಪ್ಪತ್ತು. ಬಿಡುವು ಬಂದಾಗ ಮಾತಾಡುವೆಯಂತೆ. ಅಲ್ಲೀವರೆಗೆ ನಾನು ಹೇಳೋದು, ನೀನು ಕೇಳೋದು.

ಯಾಕೆ ನಗ್ತೀಯ? ಮಾಸ್ಕ್ ಒಳಗೆ ನಕ್ಕರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಕಣ್ಣಿನ ಪಕ್ಕ ಗೆರೆ ಬಿತ್ತು ಕಣೋ. ಇಪ್ಪತ್ತೆರಡು ವರ್ಷ ನೀರೊಳಗೆ ಬರೀ ಕಣ್ಣು ನೋಡ್ಕೊಂಡು ಜನರನ್ನ ಸಂಭಾಳಿಸಿದವಳು ನಾನು. ಹುಟ್ಟಿದಾಗಿಂದ ಹೀಗೇ ತಾನೆ, ಅಕ್ಕ ಹೇಳೋದು, ತಮ್ಮ ಕೇಳೋದು, ಇದರಲ್ಲೇನು ಹೊಸದು ಅಂತ ನಗ್ತಿದೀಯ. ನಗು, ನಗು. ನಗೋ ಹಾಗಾದ್ಯಲ್ಲ, ಅಷ್ಟೇ ಸಾಕು.

ಸಿಸ್ಟರ್, ನೀವು ತಪ್ಪು ತಿಳ್ಕೋಬೇಡಿ. ಅವನನ್ನ ನೋಡ್ಕೊಳ್ಳೋಕೆ ಒಳಗೆ ಕೂತ ತಪ್ಪಿಗೆ ನೀವೂ ಇದನ್ನೆಲ್ಲ ಕೇಳ್ಬೇಕಾಗಿದೆ. ಮನೆ ಜಗಳ. ನಾನು ಅವನ ಅಕ್ಕನೂ ಹೌದು, ಡೈವಿಂಗ್ ಕಲಿಸೋ ಟೀಚರೂ ಹೌದು. ಬೈಯೋದಕ್ಕೆ ಎರಡೆರಡು ಹಕ್ಕಿದೆ… ನೋಡು, ಸಿಸ್ಟರ್ ನಕ್ಕರು. ಅಷ್ಟರಲ್ಲಿ ನೀನು ನಿಲ್ಲಿಸ್ಬಿಟ್ಟೆ.

ಈ ಕಬ್ಬಿಣದ ಡಬ್ಬ ನೋಡಿದ್ರೇ ನನಗೆ ಮೈಯೆಲ್ಲ ಉರಿಯುತ್ತೆ. ಬಿಳಿ ಬಣ್ಣ ಬಳಿದ ನೀರಿನ ಟ್ಯಾಂಕರ್! ಇಲ್ಲಿ ಕಾಲಡಿ ಒಣ ಟೈಲ್ಸು, ಹೊರಗೆ ಆಸ್ಪತ್ರೆ ಪಾರ್ಕಿಂಗು, ಯಾರೋ ಸ್ಕೂಟರ್ ಒದೀತಿದ್ದಾರೆ. ನೀನು ನೋಡಿದ್ರೆ ಇಷ್ಟು ಹತ್ತಿರ, ಒಂದು ಗಾಜಿನ ಆಚೆ, ಹದಿನೆಂಟು ಮೀಟರ್ ಆಳದಲ್ಲಿದೀಯ. ನೀರಿಲ್ಲದೆ, ಒಳಗೆ ಒತ್ತಡ ಏರಿಸಿ, ಗಾಳಿಯಲ್ಲೇ ಮುಳುಗಿಸಿದ್ದಾರೆ ನಿನ್ನ. ಮೈಯೊಳಗೆ ಎದ್ದಿರೋ ಗುಳ್ಳೆನೆಲ್ಲ ಮತ್ತೆ ಹಿಂಡಿ ಸಣ್ಣ ಮಾಡಿ, ಆಮೇಲೆ ನಿಧಾನಕ್ಕೆ… ನಿ–ಧಾ–ನ–ಕ್ಕೆ ಮೇಲೆ ತರ್ಬೇಕು. ಬೆಳಿಗ್ಗೆ ಏಳು ನಿಮಿಷ ತಾಳ್ಮೆ ಇದ್ದಿದ್ರೆ ಆಗ್ತಿದ್ದ ಕೆಲಸ. ಏಳೇ ಏಳು ನಿಮಿಷ! ಈಗ ಅದಕ್ಕೆ ಐದು ಗಂಟೆ.

ನಿನಗೆ ಚಿಕ್ಕಮುಳ್ಳು ಅಂತ ಹೆಸರಿಟ್ಟಿದ್ದೇ ನಾನು. ಗಡಿಯಾರ ರಿಪೇರಿ ಕಲಿಯೋಕೆ ಮುಂಚೇನೇ ನೀನು ಚಿಕ್ಕಮುಳ್ಳು. ದೊಡ್ಡಮುಳ್ಳು ಒಂದು ಸುತ್ತು ಬರೋಷ್ಟರಲ್ಲಿ ನೀನು ಒಂದು ಮನೆ ಜರುಗ್ತೀಯ. ಊಟಕ್ಕೆ ಕೂತ್ರೆ ಒಂದು ಗಂಟೆ, ಸ್ನಾನಕ್ಕೆ ಹೋದ್ರೆ ಒಂದು ಗಂಟೆ. ಹೆಣ್ಣು ನೋಡಿ ಒಪ್ಪಿಗೆ ಅನ್ನೋದಕ್ಕೆ ಒಂದು ವರ್ಷ! ಪಾಪ, ಆ ಹುಡುಗಿ ಕಾದಳಲ್ಲ, ಅವಳಿಗೆ ಕೈ ಮುಗೀಬೇಕು. ಅಂಥವನು ಬದುಕಲ್ಲಿ ಒಂದೇ ಒಂದು ಸಲ ಅವಸರ ಮಾಡ್ದೆ. ಅದೂ ಎಲ್ಲಿ? ಎಲ್ಲಿ ಮಾಡಬಾರದೋ ಅಲ್ಲಿ! ಯಾಕೋ? ಯಾಕೆ ಹಾಗೆ ಮಾಡ್ದೆ?

…ಹಾಗೆ ನೋಡ್ಬೇಡ. ನೆಟ್ಟ ನೋಟ ನೆಟ್ಟ ಹಾಗೇ. ರೆಪ್ಪೆನಾದ್ರೂ ಬಡಿ.

ಎಷ್ಟು ಸಲ ಹೇಳಿದೀನಿ ನಾನು? ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು. ನೀರಿನ ಮೇಲಿದ್ದಾಗ ನಮ್ಮ ಮೇಲಿರೋದು ಒಂದು ಪಾಲು ಒತ್ತಡ. ಹತ್ತು ಮೀಟರ್ ಇಳಿದ್ರೆ ಎರಡು, ಇಪ್ಪತ್ತಕ್ಕೆ ಮೂರು, ಮೂವತ್ತಕ್ಕೆ ನಾಲ್ಕು. ಒತ್ತಡ ಜಾಸ್ತಿಯಾದಷ್ಟೂ ನಾವು ಎಳೆಯೋ ಒಂದೊಂದು ಉಸಿರೂ ಅಷ್ಟಷ್ಟು ದಪ್ಪ. ಇಲ್ಲಿ ಒಂದು ಗಂಟೆ ಬರೋ ಸಿಲಿಂಡರ್ ನಾವು ಇವತ್ತು ಇಳಿದ ಆಳದಲ್ಲಿ ಹದಿಮೂರು ನಿಮಿಷಕ್ಕೆ ಖಾಲಿ. ಆ ದಪ್ಪ ಗಾಳಿಯಲ್ಲಿರೋ ನೈಟ್ರೋಜನ್ ಸುಮ್ಮನೆ ಬಂದು ಹೋಗಲ್ಲ. ರಕ್ತದಲ್ಲಿ, ಕೊಬ್ಬಿನಲ್ಲಿ, ನರದಲ್ಲಿ ಕರಗಿ ಕೂರುತ್ತೆ. ನಿಧಾನಕ್ಕೆ ಮೇಲೆ ಬಂದ್ರೆ ಉಸಿರಿನ ಜೊತೆ ಅದೂ ಮರ್ಯಾದೆಯಿಂದ ಆಚೆ ಹೋಗುತ್ತೆ. ಧಡಕ್ಕನೆ ಬಂದ್ರೆ… ಹ್ಞಾಂ, ಗೊತ್ತು ನನಗೆ, ಸೋಡಾ ಬಾಟಲಿ ಕಥೆ ಶುರು ಮಾಡಿದ್ಲು ಅಂತ ಕಣ್ಣು ಮೇಲೆ ಮಾಡ್ದೆ. ಹೇಳಲ್ಲ ಬಿಡು. ಮುಚ್ಚಳ ತೆಗೆದ ಬಾಟಲಿ ನೀನೇ ಆಗಿದೀಯಲ್ಲ, ಇನ್ನು ನಾನೇನು ಹೇಳೋದು!

ಅದಕ್ಕೇ ತಾನೆ ಲೆಕ್ಕ ಇರೋದು? ನಿಮಿಷಕ್ಕೆ ಒಂಬತ್ತು ಮೀಟರ್, ಅದಕ್ಕಿಂತ ಬೇಗ ಬರಬಾರದು. ಐದು ಮೀಟರಿಗೆ ಬಂದು ಮೂರು ನಿಮಿಷ ನಿಲ್ಲಬೇಕು. ಕಂಬ ಹಿಡಿದ ಹಾಗೆ ನಿಲ್ಲಬೇಕು! ಮೂವತ್ತು ಮೀಟರಿಂದ ಬರೋದು ಅಂದ್ರೆ… ಸರಿ, ಸರಿ. ಮೂವತ್ತಾರು. ಹುಬ್ಬು ಹಾರಿಸ್ಬೇಡ. ಮೂವತ್ತು ಅಂತ ಬೋಟಿನಲ್ಲಿ ಹೇಳಿದ್ದೆ, ಮೂವತ್ತಾರಕ್ಕೆ ಹೋದ್ವಿ. ನಿನ್ನ ಕೈಗೆ ಕಟ್ಟಿದ್ದ ಆಳ ಅಳೆಯೋ ಕಂಪ್ಯೂಟರಲ್ಲಿ ಬಂದಿದೆ, ಡಾಕ್ಟ್ರೂ ನೋಡಿದ್ದಾರೆ, ಅದನ್ನೇನು ಮುಚ್ಚಿಡ್ಲಿಲ್ಲ ನಾನು. ನಲವತ್ತರವರೆಗೆ ನನಗೆ ಪರವಾನಗಿ ಇದೆ. ಮೂವತ್ತಾರು ಮೀಟರನ್ನ ಒಂದೂಕಾಲು ನಿಮಿಷದಲ್ಲಿ ಬಂದಿದೀಯ ನೀನು! ಐದು ಮೀಟರಲ್ಲಿ ನಿಲ್ಲೋದಿರ್ಲಿ, ಅಲ್ಲಿ ಒಂದು ನಿಲ್ದಾಣ ಇದೆ ಅನ್ನೋದನ್ನೂ ನೋಡ್ದೆ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಬಂದೆ. ಕೈಲಿರೋ ಮಿಷನ್ನು ಬಡ್ಕೊಳ್ತಾ ಇತ್ತಲ್ಲ, ಕೀಂ ಕೀಂ ಅಂತ, ಕೇಳಿಸ್ಲಿಲ್ವಾ?

ಉಸಿರು ಮಾತ್ರ ಬಿಡ್ತಾ ಬಂದೆ. ಅದೊಂದು ಪುಣ್ಯ ಮಾಡ್ದೆ. ಉಸಿರು ಹಿಡ್ಕೊಂಡು ಬಂದಿದ್ರೆ ಶ್ವಾಸಕೋಶ ಒಡೆದು… ಬೇಡ ಬಿಡು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಅವಳಿಗೆ ಇದೆಲ್ಲ ಹೇಳಿಲ್ಲ. "ಕೈ ಸ್ವಲ್ಪ ಜೋಮು ಹಿಡಿದಿದೆ, ಗಾಳಿ ಕೊಡ್ತಿದ್ದಾರೆ" ಅಂದೆ. "ಜೋಮಿಗೆ ಇಷ್ಟು ದೊಡ್ಡ ಟ್ಯಾಂಕಾ?" ಅಂದ್ಲು.

ಕೈ ಹೇಗಿದೆ? ಬಲಗೈ? ಆಡಿಸು ನೋಡೋಣ. …ಇಲ್ವಾ? ಇನ್ನೂ ಇಲ್ವಾ? ಹೆಬ್ಬೆಟ್ಟು, ತೋರುಬೆರಳು, ಯಾವುದೂ? …ಇರ್ಲಿ. ಇರ್ಲಿ. ಬರುತ್ತೆ. ಎರಡನೇ ಸುತ್ತಲ್ಲೇ ಎಲ್ಲರಿಗೂ ಬರಲ್ಲ, ಮೂರನೇ ಸುತ್ತು ಇದೆ, ನಾಳೆ ಮತ್ತೆ ಹಾಕ್ತಾರೆ. ಡಾಕ್ಟ್ರು ಹೇಳಿದ್ದಾರೆ. ಕೂದಲೆಳೆಯಷ್ಟು ಸ್ಪ್ರಿಂಗನ್ನ ಚಿಮುಟದಲ್ಲಿ ಎತ್ತಿ ಕೂರಿಸೋ ಕೈ ಅದು, ಅದಕ್ಕೇನಾಗುತ್ತೆ? ಏನೂ ಆಗಲ್ಲ. ನಾನು ಹೇಳ್ತೀನಲ್ಲ, ಏನೂ ಆಗಲ್ಲ!

…ನಾನು ಅಳ್ತಾ ಇಲ್ಲ. ಉಪ್ಪುನೀರು. ತಲೆ ಇನ್ನೂ ಒಣಗಿಲ್ಲ.

ಈಗ ಕೆಲಸದ ಮಾತು. ಸಾಯಂಕಾಲ ಬಂದರು ಕಚೇರಿಯವರು ಬರ್ತಾರೆ. ಅಪಘಾತ ಅಂದ್ಮೇಲೆ ವರದಿ ಕೊಡಬೇಕು, ಕಾನೂನು. ನಾನು ಬರೆದಿಟ್ಟಿದೀನಿ. ಈ ಕಾಗದ ಗಾಜಿಗೆ ಹಿಡೀತೀನಿ, ಓದು. ಕಾಣುತ್ತಾ? ಮೇಲಿಂದೆಲ್ಲ ಬೇಡ, ಈ ನಾಲ್ಕನೇ ಕಾಲಮ್ಮು. "ಕಾರಣ: ಆಳದಲ್ಲಿ ವಿದ್ಯಾರ್ಥಿಯು ಗಾಬರಿಗೊಂಡು, ಯಾವುದೇ ಸೂಚನೆ ಇಲ್ಲದೆ, ತಾವಾಗಿಯೇ ವೇಗವಾಗಿ ಮೇಲೇರಿದರು." ಬಹುವಚನ ಹಾಕಿದೀನಿ ನೋಡು. ಮರ್ಯಾದೆ ಕೊಟ್ಟೇ ಬರೆದಿದೀನಿ. ಅದರ ಕೆಳಗೆ ನಿನ್ನ ಸಹಿ ಬೇಕು. ಬಲಗೈ ಆಗದಿದ್ರೆ ಪರವಾಗಿಲ್ಲ, ಆಚೆ ಬಂದ್ಮೇಲೆ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತಂತೆ, ವಿಚಾರಿಸಿದೀನಿ. ಈಗ ಒಪ್ಪಿಗೆ ಅಂತ ತಲೆ ಆಡಿಸಿಬಿಡು, ಸಾಕು. ಹೂಂ ಅಂತ.

…ಓದಿ ಆಯ್ತಾ?

ಆಡಿಸೋ ತಲೆನ.

ಏನು ಯೋಚನೆ? ಇದರಿಂದ ನಿನಗೇನು ನಷ್ಟ ಹೇಳು! ನೀನೇನು ನೀರಿಗೆ ಬಿದ್ದು ಹೊಟ್ಟೆ ಹೊರೀತೀಯಾ? ನಿನಗೆ ಅಂಗಡಿ ಇದೆ, ಗಡಿಯಾರ ಇದೆ. ಗಾಬರಿ ಅಂತ ಬರೆದ್ರೆ ಎರಡು ವರ್ಷ ಆಳಕ್ಕೆ ಇಳೀಬೇಡ ಅಂತಾರೆ. ಅಷ್ಟೇ. ಗಾಬರಿ ಯಾರಿಗೆ ಆಗಲ್ಲ? ನನಗೆ ನೋಡು. ಇದನ್ನ ಬಿಟ್ರೆ ನನಗೆ ಬೇರೇನು ಬರುತ್ತೆ? ಕಲಿಸೋರ ತಪ್ಪು ಅಂತ ಒಂದು ಸಾಲು ಬಿದ್ರೆ ಪರವಾನಗಿ ಹೋಯ್ತು. ಇಪ್ಪತ್ತೆರಡು ವರ್ಷ ನೀರಲ್ಲಿ ಹೋಮ. ಒಬ್ಬರಿಗೂ, ಒಬ್ಬರೇ ಒಬ್ಬರಿಗೂ ಒಂದು ಗೀರೂ ಬಿದ್ದಿಲ್ಲ ನನ್ನ ಕೈಯಲ್ಲಿ, ಗೊತ್ತಾ?

ನಿನ್ನ ತಪ್ಪು ಇಲ್ವಾ ಹಾಗಾದ್ರೆ? ಇದೆಯೋ ಇಲ್ವೋ? ಮೈಮೇಲಿನ ತೇಲಿಸೋ ಜಾಕೆಟ್ಟಿಗೆ ಗಾಳಿ ತುಂಬಿದವರು ಯಾರು? ನಾನು ತುಂಬಿದ್ನಾ? ಅಲ್ಲಿ ಒಂದು ಲೋಟ ಗಾಳಿ ಹಾಕ್ಕೊಂಡ್ರೆ ಮೇಲೆ ಬರೋಷ್ಟರಲ್ಲಿ ಅದು ನಾಲ್ಕೂವರೆ ಲೋಟ ಆಗುತ್ತೆ ಅಂತ ಪಾಠ ಮಾಡಿರ್ಲಿಲ್ವಾ? ಏರ್ತಾ ಏರ್ತಾ ಬಿಡ್ತಾ ಬರ್ಬೇಕು, ಬಿಡ್ತಾ ಬರ್ಬೇಕು ಅಂತ ಬಾಯಿ ನೋಯೋವರೆಗೂ ಹೇಳಿರ್ಲಿಲ್ವಾ? ನೀನು ಗುಂಡಿ ಒತ್ತಿದೆ, ಬಿಡೋದನ್ನ ಮರ್ತೆ. ಜಾಕೆಟ್ಟು ಉಬ್ಬಿತು, ಎತ್ಕೊಂಡು ಹೋಯ್ತು ನಿನ್ನ. ನೀನು ಈಜಿ ಬಂದಿದ್ದಲ್ಲ ಅದು, ಬಲೂನ್ ಬಂದ ಹಾಗೆ ಬಂದಿದ್ದು. ಇದು ಸುಳ್ಳಾ? ಹೇಳು, ಸುಳ್ಳಾ?

ಹ್ಞಾಂ, ಇದಕ್ಕೆ ತಲೆ ಆಡಿಸಿದೆ. ಸುಳ್ಳಲ್ಲ ಅಂತ. ಒಳ್ಳೇದು. ಅದನ್ನೇ ಈ ಕಾಗದಕ್ಕೂ ಆಡಿಸು ಅಂದ್ರೆ…

ಆಡಿಸಲ್ಲ.

ಆಯ್ತಪ್ಪ. "ಯಾವುದೇ ಸೂಚನೆ ಇಲ್ಲದೆ" ಅನ್ನೋ ಮಾತಿಗೆ ತಾನೆ ನಿನ್ನ ತಕರಾರು? ಗೊತ್ತು. ಮೊದಲನೇ ಬಿಡುವಲ್ಲೂ ಹೀಗೇ ಮಾಡ್ದೆ. ನೀರು ಕುಡಿದೆ, ಅಮ್ಮ ಊಟ ಮಾಡಿದ್ಲಾ ಅಂತ ಸಿಸ್ಟರ್ ಹತ್ರ ಕೇಳಿಸ್ದೆ, ಮಗಳಿಗೆ ಹೇಳ್ಬೇಡಿ ಅಂದೆ. ನನ್ನ ಜೊತೆ ಒಂದು ಮಾತು? ಊಹೂಂ. ಈ ಗಾಜಿನ ಹತ್ರ ನಾನು ಹಲ್ಲಿ ಹಾಗೆ ಅಂಟ್ಕೊಂಡು ನಿಂತಿದ್ರೂ ಇಲ್ಲ.

ನೋಡು, ಮೂವತ್ತು ಮೀಟರ್ ದಾಟಿದ್ರೆ ತಲೆಗೆ ಅಮಲು ಏರುತ್ತೆ. ಅದೇ ನೈಟ್ರೋಜನ್, ಅಲ್ಲಿ ಅದು ಸಾರಾಯಿ. ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರು ಹೆದರ್ತಾರೆ, ಕೆಲವರು ಹಾಡ್ತಾರೆ. ಒಬ್ಬ ಬ್ಯಾಂಕ್ ಮ್ಯಾನೇಜರ್ ನನ್ನ ಜೊತೆ ಬಂದವನು ಬಾಯಲ್ಲಿದ್ದ ಗಾಳಿ ಕೊಳವೆನ ತೆಗೆದು ಮೀನಿಗೆ ಕೊಡೋಕೆ ಹೋಗಿದ್ದ, "ಪಾಪ, ಅದಕ್ಕೂ ಉಸಿರು ಬೇಡ್ವಾ ಮೇಡಂ" ಅಂತ ಆಮೇಲೆ ಹೇಳ್ದ! ನಾಲ್ಕು ಮೀಟರ್ ಮೇಲೆ ಬಂದ್ರೆ ಇಳಿದುಹೋಗುತ್ತೆ, ತಲೆನೋವೂ ಇರಲ್ಲ. ನಿನಗೂ ಹಾಗೇ ಏರಿರುತ್ತೆ. ಏನೋ ಕಂಡ ಹಾಗಾಗಿರುತ್ತೆ. ಇಲ್ಲದ ಸೂಚನೆ ಕಂಡ ಹಾಗೆ. ಅಮಲಲ್ಲಿದ್ದವನ ಸಾಕ್ಷಿ ಯಾರು ಒಪ್ತಾರೆ? ನನಗೆ ಏರಲ್ಲ. ಆ ಆಳಕ್ಕೆ ಐನೂರು ಸಲ ಇಳಿದವಳಿಗೆ ಏರುತ್ತಾ? ಅಭ್ಯಾಸ ಆಗಿಹೋಗಿರುತ್ತೆ.

…ಯಾಕೆ ನಗ್ತೀಯ ಮತ್ತೆ?

ಹೌದು, ಅಭ್ಯಾಸದಿಂದ ಅಮಲು ಹೋಗಲ್ಲ, ಅಮಲು ಏರಿದ್ದು ಗೊತ್ತಾಗದ ಅಭ್ಯಾಸ ಆಗುತ್ತೆ ಅಂತ ನಾನೇ ಪಾಠದಲ್ಲಿ ಹೇಳ್ತೀನಿ. ಬೋರ್ಡಿನ ಮೇಲೆ ಬರೆದೂ ಇದೆ. ನನ್ನ ಮಾತು ನನಗೇ ತಿರುಗಿಸ್ತೀಯಲ್ಲ, ಅದೂ ಬಾಯಿ ಬಿಡದೆ!

ನಾನು ನಿನಗೆ ತೋರಿಸಿದ್ದು ಉಂಗುರ. ಹೀಗೆ. ತೋರುಬೆರಳು, ಹೆಬ್ಬೆಟ್ಟು, ಎರಡರ ತುದಿ ಕೂಡಿಸಿ ಉಂಗುರ. "ಸರಿ ಇದೆ." ನೀನು ಉಂಗುರ ತೋರಿಸಿ "ಸರಿನಾ?" ಅಂತ ಕೇಳ್ದೆ, ನಾನು ಉಂಗುರ ತೋರಿಸ್ದೆ. ಇನ್ನೇನು ತೋರಿಸ್ತೀನಿ? ನಮ್ಮ ಶಾಲೆಯ ಮೊದಲನೇ ಪಾಠ ಯಾವುದು? ಹೆಬ್ಬೆಟ್ಟು ಎತ್ತಬಾರದು. ಭೂಮಿ ಮೇಲೆ ಅದು "ಸೂಪರ್", ನೀರೊಳಗೆ ಅದು "ಮೇಲೆ ಹೋಗು". ಆಟದ ಮಾತಲ್ಲ, ಅಪ್ಪಣೆ. ಯಾರು ಎತ್ತಿದ್ರೂ, ಯಾಕೆ ಅಂತ ಕೇಳದೆ, ಡೈವ್ ಅಲ್ಲಿಗೇ ಮುಗೀತು. ಅದಕ್ಕೇ ತಾನೆ ನನ್ನ ಡೈವಿಂಗ್ ಅಂಗಡಿಯೊಳಗೂ ಹೆಬ್ಬೆಟ್ಟು ತೋರಿಸಿದವರು ಅವತ್ತಿನ ಎಲ್ಲರ ಸೂಟು ತೊಳೀಬೇಕು ಅಂತ ನಾನು ನಿಯಮ ಮಾಡಿದ್ದು! ನೀನೇ ಎರಡು ಸಲ ತೊಳೆದಿದೀಯ. ಅಮ್ಮನ್ನಂತೂ ಅಂಗಡಿ ಕಡೆ ಬರ್ಬೇಡ ಅಂದಿದೀನಿ. ಫೋನಲ್ಲಿ ಎಲ್ಲದಕ್ಕೂ ಹೆಬ್ಬೆಟ್ಟು ಅವಳು. ಊಟ ಆಯ್ತು ಅಂದ್ರೂ ಹೆಬ್ಬೆಟ್ಟು, ಜ್ವರ ಬಂದಿದೆ ಅಂದ್ರೂ ಹೆಬ್ಬೆಟ್ಟು. ಪಕ್ಕದ ಮನೆ ತಾತ ಹೋಗ್ಬಿಟ್ರು ಅಂತ ಕಳಿಸಿದ್ರೆ ಅದಕ್ಕೂ ಹೆಬ್ಬೆಟ್ಟು!

ಅಂಥ ನಿಯಮ ಮಾಡಿದವಳು ನಾನು. ನಾನು ಎತ್ತುತ್ತೀನಾ?

ಹೋಗ್ಲಿ, ಒಂದು ಮಾತಿಗೆ ನಿನಗೆ ಹಾಗೆ ಕಂಡಿತು ಅಂತಾನೇ ಇಟ್ಕೊಳ್ಳೋಣ. ಆಗೇನು ಮಾಡ್ಬೇಕು? ಅದೇ ಸೂಚನೆ ನೀನೂ ತೋರಿಸಿ ಕೇಳ್ಬೇಕು, "ಮೇಲೇನಾ? ಖಂಡಿತಾನಾ?" ಅಂತ. ಆ ಕಡೆಯಿಂದ ಮತ್ತೆ ಹೂಂ ಅಂತ ಬಂದ ಮೇಲೇನೇ ಹೊರಡ್ಬೇಕು. ಕೇಳಿದ್ಯಾ ನೀನು? ಕೇಳಿದ್ರೆ ನಾನು…

ಬೇಡ. ಅದು ಬಿಡು.

ನಿಜ ಹೇಳ್ಲಾ? ಆ ಆರು ಮೀಟರ್ ಹೆಚ್ಚಿಗೆ ನಿನ್ನನ್ನ ಇಳಿಸಿದ್ದು ಯಾಕೆ ಗೊತ್ತಾ? ನಿನ್ನ ಡೈವಿಂಗ್ ಪರೀಕ್ಷೆಗೆ ಮೂವತ್ತು ಸಾಕಿತ್ತು. ನಾವು ಇಳಿದಲ್ಲಿ ತಳದಲ್ಲಿ ಮುಳುಗಿ ಬಿದ್ದಿರೋ ಹಡಗಿನ ಚುಕ್ಕಾಣಿ ಕೋಣೆ ಇರೋದು ಮೂವತ್ತಾರರಲ್ಲಿ. ಅದರ ಗೋಡೆಲಿ ಆ ಗಡಿಯಾರ. ಹಿತ್ತಾಳೆ ಗಡಿಯಾರ. ನಾಲ್ಕು ತಿಂಗಳ ಹಿಂದೆ ನೋಡಿದಾಗಿಂದ ಯಾರಿಗೂ ಹೇಳಿರ್ಲಿಲ್ಲ ನಾನು, ನಿನಗೂ ಹೇಳಿರ್ಲಿಲ್ಲ. ನಮ್ಮ ಚಿಕ್ಕಮುಳ್ಳಿಗೆ ತೋರಿಸ್ಬೇಕು, ಬಾಯಿ ಬಿಟ್ಕೊಂಡು ನೋಡ್ಬೇಕು ಅವನು ಅಂತ. ದಿನವಿಡೀ ಊರವರ ಕೆಟ್ಟ ಗಡಿಯಾರದ ಮೇಲೆ ಬಗ್ಗಿ ಬಗ್ಗಿ ಕತ್ತು ಸೊಟ್ಟ ಮಾಡ್ಕೊಂಡಿದ್ದಾನೆ, ಒಂದು ದಿನ ಯಾರೂ ರಿಪೇರಿ ಮಾಡು ಅನ್ನದ ಗಡಿಯಾರ ನೋಡ್ಲಿ ಅಂತ. ನೀನು ಅದರ ಮುಂದೆ ಮೂಗು ಇಟ್ಟು ನೋಡ್ದೆ. ಮುಳ್ಳು ಇರ್ಲಿಲ್ಲ ಅದಕ್ಕೆ, ಅಲ್ವಾ? ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ. ನಿನ್ನ ಬೆನ್ನು ನೋಡ್ತಾ ನನಗೆ ಎಷ್ಟು ಖುಷಿ ಆಯ್ತು ಗೊತ್ತಾ… ಜೀವಮಾನದಲ್ಲಿ ಅಷ್ಟು ಖುಷಿ ಆಗಿರ್ಲಿಲ್ಲ. ನಗು ಬಂದ್ಬಿಡ್ತು. ನೀರೊಳಗೆ ನಗ್ತಿದ್ದೆ ನಾನು. ನೀನು ತಿರುಗಿದೆ, ಕಣ್ಣು ಇಷ್ಟಗಲ ಮಾಡ್ಕೊಂಡು. ಆ ಆಳದಲ್ಲಿ ಕೆಂಪು ಬಣ್ಣ ಅನ್ನೋದೇ ಇರಲ್ಲ ನೋಡು, ಮೊನ್ನೆ ನಿನ್ನ ಮಗಳು ನನ್ನ ಕೈಗೆ ಹಚ್ಚಿದ್ಲಲ್ಲ ಕೆಂಪು ನೇಲ್ ಪಾಲಿಶ್, ಅದು ಕರ್ರಗೆ ಕಂಡಿತು. ನನ್ನ ಹೆಬ್ಬೆಟ್ಟಿನ ಉಗುರು ಕಣ್ಣೆದುರೇ, ಇಷ್ಟು ಹತ್ರ, ಕಾಡಿಗೆ ಮೆತ್ತಿದ ಹಾಗೆ…

ಕೈ. ಕೈ ಅಂದೆ. ಕೈಯಲ್ಲಿರೋ ಉಗುರು. ಉಂಗುರ ಮಾಡಿದ್ರೂ ಉಗುರು ಕಾಣುತ್ತಲ್ಲ? ಕಾಣಲ್ವಾ?

ಅದೇನು ಹಾಗೆ ತಲೆ ಎತ್ತಿದೆ?

ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ಬೋಟಿನವನೂ ಹಾಗೇ. ನಾನು ಮೇಲೆ ಬಂದ ತಕ್ಷಣ, ಇನ್ನೂ ಬೆನ್ನಿನ ಸಿಲಿಂಡರ್ ಬಿಚ್ಚಿಲ್ಲ, "ಅಕ್ಕಾ, ತಮ್ಮಯ್ಯ ಹತ್ತು ನಿಮಿಷದ ಹಿಂದೆ ಬಂದ್ರು, ನೀವೇ ಮೇಲೆ ಹೋಗು ಅಂದ್ರಂತೆ, ನೀವ್ಯಾಕೆ ಬರ್ಲಿಲ್ಲ?" ಅಂದ. ನಿನ್ನನ್ನ ಹುಡುಕ್ತಿದ್ದೆ ಅಂದೆ. ಒಂದು ನಿಮಿಷ ಹುಡುಕೋದು ನಿಯಮ. ಹುಡುಕ್ದೆ… ಹುಡುಕಿರ್ಬೇಕು. ಅವನು ಕಣ್ಣು ಮಿಟುಕಿಸ್ದೆ ನೋಡ್ದ ನನ್ನ. ನೀನು ಬೋಟಿನ ಮೂಲೇಲಿ ಆಕ್ಸಿಜನ್ ಹಿಡ್ಕೊಂಡು ಮಲಗಿದ್ದೆ, ಬಲಗೈ ಬೇರೆ ಯಾರದೋ ಕೈಯ ಹಾಗೆ ಪಕ್ಕದಲ್ಲಿ ಬಿದ್ದಿತ್ತು. ಆಗಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಬೈಯ್ಯೋ! ಬೈದ್ರೆ ಎಷ್ಟೋ ಸಮಾಧಾನ. ಸುಮ್ಮನೆ ಇದ್ದು ಸಾಯಿಸ್ತೀಯಲ್ಲ!

ಏನು ಸರ್? ಬಿಡುವಾ? ಆಯ್ತಾ ಇಪ್ಪತ್ತು ನಿಮಿಷ?

ಸಿಸ್ಟರ್ ಮಾಸ್ಕ್ ತೆಗೀತಿದ್ದಾರೆ. ಹ್ಞಾಂ, ತೆಗೀರಿ. ನೀರು ಬೇಡ ಅಂತಾನಾ? ಸರಿ. ಈಗ ಐದು ನಿಮಿಷ ನಿನ್ನದು. ಮಾತಾಡು. ಇಲ್ಲಿ ನಿನ್ನ ಸ್ವರ ಸ್ವಲ್ಪ ಕೀರಲಾಗಿ ಕೇಳುತ್ತೆ, ಒತ್ತಡಕ್ಕೆ. ನಾನು ನಗಲ್ಲ. ಮಾತಾಡು.

…

ಮಾಸ್ಕಿನ ಗುರುತು ಬಿದ್ದಿದೆ ಮುಖದ ಮೇಲೆ. ಚಿಕ್ಕೋನಿದ್ದಾಗ ಚಾಪೆ ಗುರುತು ಹೀಗೇ ಇರ್ತಿತ್ತು.

ಒಂದು ನಿಮಿಷ ಹೋಯ್ತು ಕಣೋ. ಏನಾದ್ರೂ ಅನ್ನು. "ಅಕ್ಕ, ನೀನು ಸುಳ್ಳಿ" ಅನ್ನು. ಇಲ್ಲ "ಆ ಕಾಗದ ತಾ" ಅನ್ನು. ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ಬಂದರಿನವರು ಕೇಳಿದಾಗ ನೀನೇನು ಹೇಳ್ತೀಯ ಅಂತ ನನಗೆ ಗೊತ್ತಾಗ್ಬೇಕು. …ಹೇಳಲ್ವಾ? ಅವರ ಹತ್ರನೂ ಹೇಳಲ್ವಾ? ನೀನು ಬಾಯಿ ಬಿಡಲ್ಲ, ನಾನೇ… ನಾನೇ ಅಂತ ಕಾಯ್ತಿದೀಯಾ? ಮೊದಲಿಂದ ಅದಕ್ಕೇ ಸುಮ್ಮನಿದೀಯಾ?

ಯಾರದು? ಅಮ್ಮಾ, ನೀನ್ಯಾಕೆ ಒಳಗೆ ಬಂದೆ? ಹೊರಗೆ ಕೂತಿರು ಅಂದಿರ್ಲಿಲ್ವಾ… ಸರಿ, ಬಾ, ನೋಡು. ಇಲ್ಲಿ, ಈ ಗಾಜಿನಲ್ಲಿ. ಅವನಿಗೆ ಕಾಣ್ತೀಯ. ಕೈ ಬೀಸ್ಬೇಡ, ಸುಮ್ಮನೆ ನಿಲ್ಲು.

ಏನದು? ಸಿಸ್ಟರ್ ಯಾಕೆ ಎದ್ದರು? ಏನಾಯ್ತು ಅವನಿಗೆ?

ಕೈ… ಬಲಗೈ! ಬಲಗೈ ಎತ್ತಿದ! ಸರ್, ನೋಡಿ, ಎತ್ತಿದ! ಅಯ್ಯೋ ದೇವರೇ. ಬೆರಳು… ಬೆರಳು ಮಡಚ್ತಿದ್ದಾನೆ. ಒಂದೊಂದಾಗಿ. ನಿಧಾನಕ್ಕೆ. ಮಡಚು, ಮಡಚು ನನ್ನಪ್ಪ! ಎಲ್ಲಾನೂ… ಹೆಬ್ಬೆಟ್ಟೊಂದು ಬಿಟ್ಟು.

ಹೆಬ್ಬೆಟ್ಟು ಬಿಟ್ಟು.

…

ಕೇಳಿಸ್ತು ಅಮ್ಮ. ಆಪರೇಟರ್ ಚಪ್ಪಾಳೆ ತಟ್ಟಿದ್ದೂ ಕೇಳಿಸ್ತು. ಸಿಸ್ಟರ್ ನಗ್ತಿರೋದೂ ಕಾಣುತ್ತೆ. ಹೂಂ, ಬೆರಳು ಬಂತು. ಬಂತು. ಬಂತಲ್ಲ, ಸಾಕು.

ಇಳಿಸೋ ಅದನ್ನ. ನೋಡಿದೆ ನಾನು, ಇಳಿಸು.

ಇಳಿಸಲ್ಲ. ಹುಬ್ಬು ಎತ್ತಿ, ನನ್ನನ್ನೇ ನೋಡ್ತಾ, ಹೆಬ್ಬೆಟ್ಟು ಎತ್ತಿ ಹಿಡಿದು ಕಾಯ್ತಿದ್ದಾನೆ. ಹೀಗೇ ಕಾಯ್ತಿದ್ದ. ಆ ಗಡಿಯಾರದ ಮುಂದೆ, ಹೀಗೇ ಹುಬ್ಬು ಎತ್ಕೊಂಡು, ಮೇಲೇನಾ ಅಕ್ಕ, ಖಂಡಿತಾನಾ ಅಂತ… ಕೇಳಿದ್ದೆ ಕಣೋ. ಕೇಳಿದ್ದೆ ನೀನು. ನಾನು ಕಲಿಸಿದ ಹಾಗೇ ಕೇಳಿದ್ದೆ.

ಅಮ್ಮಾ, ಬೇಡ. ನೀನು ಎತ್ತಬೇಡ. ಎರಡೂ ಕೈ ಎತ್ತಿ ಹಾಗೆ ಕುಣಿಸ್ಬೇಡ, ನಗ್ತಾ ನಗ್ತಾ… ಇಳಿಸಮ್ಮ, ನಿನ್ನ ದಮ್ಮಯ್ಯ. ಹಾಗೇ ಮಾಡಿದ್ದು ನಾನು. ಥೇಟ್ ಹಾಗೇ.

"ಚೆನ್ನಾಗಿದೀನಿ" ಅಂತಿಲ್ಲ ಅವನು. ಅದರರ್ಥ "ಮೇಲೆ ಹೋಗು" ಅಂತ. ಅವನ ಮಾತಲ್ಲಮ್ಮ ಅದು. ನನ್ನದು.